ಎದುರು ಪಕ್ಷದ ಸಹಿ

ಜುಲೈ 14, ಸೋಮವಾರ

ಬರೆಯುತ್ತಿರುವುದಕ್ಕೆ ಮೊದಲು ಕ್ಷಮೆ ಇರಲಿ. ಯಾರ ಕ್ಷಮೆ ಎಂದು ಗೊತ್ತಿಲ್ಲ. ಹಾಸ್ಟೆಲಿನಲ್ಲಿ ಏನು ಬರೆದುಕೊಟ್ಟರೂ ಮೊದಲ ಸಾಲು ಅದೇ ಇರುತ್ತಿತ್ತು, ಕೈಗೆ ಅಭ್ಯಾಸವಾಗಿದೆ. ಅಲ್ಲಿ ಯಾರಾದರೂ ಡೈರಿ ಬರೆದರೆ ವಾರ್ಡನ್ ಓದುತ್ತಿದ್ದರು. ಓದಿ, ಅವರಿಗೆ ಇಷ್ಟವಾದ ಸಾಲುಗಳನ್ನು ಊಟದ ಹಾಲಿನಲ್ಲಿ ಎಲ್ಲರಿಗೂ ಕೇಳಿಸುತ್ತಿದ್ದರು.

ಇಂಗ್ಲಿಷಿನಲ್ಲಿ ಬರೆದರೆ ನನಗೆ ಸುಲಭ. ಆದರೆ ಮನೀಶ ಓದುತ್ತಾನೆ. ಮನೀಶ ನನ್ನ ತಮ್ಮ, ಒಂಬತ್ತನೇ ಕ್ಲಾಸು, ಮುಂಬಯಿ ಹತ್ತಿರದ ಈ ಡೊಂಬಿವಲಿ ಬಿಟ್ಟು ಎಲ್ಲೂ ಇದ್ದವನಲ್ಲ. ಕನ್ನಡ ಅರ್ಥವಾಗುತ್ತದೆ, ಅಕ್ಷರ ಬರುವುದಿಲ್ಲ. ಅಮ್ಮ ಮತ್ತು ತಂದೆಯವರು ಓದಬಲ್ಲರು. ಆದರೆ ಅವರು ನನ್ನ ಚೀಲ ಮುಟ್ಟುವುದಿಲ್ಲ. ನೆಂಟರ ಚೀಲವನ್ನು ಯಾರೂ ಮುಟ್ಟುವುದಿಲ್ಲವಲ್ಲ.

ಇವತ್ತು ಕಾಲೇಜಿನ ಮೊದಲ ದಿನ. ಠಾಣೆ, ಎಫ್‌ವೈಬಿಎ ಎಂದರೆ ಬಿಎ ಮೊದಲ ವರ್ಷ, ಫಿಲಾಸಫಿ. ದೊಡ್ಡ ಕ್ಲಾಸ್‌ರೂಮು, ಒಂಬತ್ತೇ ಜನ, ಎಲ್ಲರೂ ದೂರ ದೂರ. ಅಪರ್ಣಾ ಮ್ಯಾಡಮ್ ಪೇಪರಿನ ಹೆಸರು ಬೋರ್ಡಿನ ಮೇಲೆ ಬರೆದರು: ತತ್ತ್ವಶಾಸ್ತ್ರದ ಇತಿಹಾಸ. ಎರಡೂವರೆ ಸಾವಿರ ವರ್ಷಗಳ ಹಿಂದೆ ಒಬ್ಬ ಗ್ರೀಕ, ಎಲ್ಲವೂ ನೀರಿನಿಂದ ಬಂದದ್ದು ಎಂದನಂತೆ. ದೇವರ ಸಿಟ್ಟಿನಿಂದ, ದೇವರ ಕರುಣೆಯಿಂದ ಎನ್ನದೆ ಹಾಗೆ ಹೇಳಿದ್ದೇ ದೊಡ್ಡ ಮಾತು ಎಂದರು. ನನ್ನ ಹಿಂದಿನ ಬೆಂಚಿನಲ್ಲಿ ಒಬ್ಬಳು ಕನ್ನಡದಲ್ಲಿ ತನಗೆ ತಾನೇ ಹೇಳಿಕೊಂಡಳು: "ಅಂವ ನಮ್ಮ ಶಹಾಡಕ್ಕ ಬಂದಿದ್ರ ಎಲ್ಲಾ ಟ್ಯಾಂಕರದಿಂದ ಬಂದದ್ದು ಅಂತಿದ್ದ."

ನನಗೆ ನಗು ಬಂತು. ಅವಳು ಬೆನ್ನಿಗೆ ಪೆನ್ನು ಚುಚ್ಚಿ, "ಏ, ನಿಂಗ ಕನ್ನಡ ಬರ್ತದ?" ಎಂದಳು. ನಾನು "ಅ ಲಿಟಲ್" ಎಂದೆ. ಆಮೇಲೆ ಯಾಕೋ ಗೊತ್ತಿಲ್ಲ, ಎದ್ದು ಬೇರೆ ಬೆಂಚಿಗೆ ಹೋದೆ.

ಜುಲೈ 17, ಗುರುವಾರ

ಅಮ್ಮ ಸಾರು ಬಡಿಸಿದರು. ನಾನು ಥ್ಯಾಂಕ್ಯೂ ಎಂದೆ. "ಇದೆಂತ ಹೋಟ್ಲಾ ಮಾರಾಯ?" ಎಂದರು. ನಗುತ್ತಾ ಅಂದದ್ದು, ಆದರೆ ಸೌಟು ಒಂದು ಕ್ಷಣ ಹಾಗೇ ನಿಂತಿತು.

ಊಟವಾದ ಮೇಲೆ ನನ್ನ ತಟ್ಟೆ, ಲೋಟ ನಾನೇ ತೊಳೆದು ಬೇರೆ ಇಡುತ್ತೇನೆ. ಮನೀಶನ ತಟ್ಟೆ ಮೇಜಿನ ಮೇಲೇ ಒಣಗುತ್ತದೆ, ಅವನಿಗೆ ದಿನಾ ಬೈಗುಳ ಸಿಗುತ್ತದೆ. ಹಾಸ್ಟೆಲಿನಿಂದ ಮೇ ತಿಂಗಳಲ್ಲಿ ಬಂದವನು ನಾನು. ಈವರೆಗೆ ನನಗೆ ಒಂದು ಬೈಗುಳವೂ ಸಿಕ್ಕಿಲ್ಲ.

ತಂದೆಯವರು ಮಜ್ಜಿಗೆ ಕುಡಿದು ಹೇಳಿದರು: "ಸುದರ್ಶನಾ, ಈ ಫಿಲಾಸಫಿ ಬೇಡ. ಆಗಸ್ಟ್ ಹದಿನಾಲ್ಕರ ತನಕ ಬದಲಾಯಿಸ್ಲಿಕ್ಕೆ ಆಗ್ತದಂತೆ. ಕಾಮರ್ಸಿಗೆ ಹೋಗು."

ನಾನು "ಆಯ್ತು" ಎಂದೆ. ಕುಂದಾಪುರದ ಹತ್ತಿರ ಒಳ್ಳೆಯ ಹಾಸ್ಟೆಲ್ ಉಂಟು, ಅಲ್ಲಿಗೆ ಹೋಗು ಎಂದಾಗಲೂ ಹಾಗೇ ಅಂದಿದ್ದೆನಂತೆ. ಆಗ ನನಗೆ ಹತ್ತು, ಮನೀಶನಿಗೆ ಆರು. ಒಬ್ಬನನ್ನು ಕಳಿಸಿದರು, ಒಬ್ಬನನ್ನು ಇಟ್ಟುಕೊಂಡರು. ಬೇಕಾದವನನ್ನು ಯಾರೂ ಕಳಿಸುವುದಿಲ್ಲ. ಎರಡು ಪ್ರೆಮಿಸ್ ಸರಿಯಾಗಿದ್ದರೆ ಕನ್‌ಕ್ಲೂಷನ್ ತಾನಾಗಿಯೇ ಬರುತ್ತದೆ ಎಂದು ನಿನ್ನೆ ಕ್ಲಾಸಿನಲ್ಲಿ ಹೇಳಿಕೊಟ್ಟರು. ಯಾರನ್ನೂ ಕೇಳಬೇಕಾಗಿಲ್ಲ.

ಆಯ್ತು ಎಂದು ಬಂದು ಈಗ ಎರಡನ್ನೂ ತೂಗಿ ನೋಡುತ್ತಿದ್ದೇನೆ. ಕಾಮರ್ಸ್ ಕ್ಲಾಸಿನಲ್ಲಿ ನೂರಿಪ್ಪತ್ತು ಜನ. ಫಿಲಾಸಫಿಯಲ್ಲಿ, ನನ್ನ ತಲೆಯಲ್ಲಿ ಮೊದಲೇ ಇದ್ದ ಪ್ರಶ್ನೆಗಳನ್ನು ಯಾರೋ ಸತ್ತವರು ನನಗಿಂತ ಮುಂಚೆ ಕೇಳಿ ಹೋಗಿದ್ದಾರೆ. ನನ್ನ ಹತ್ತಿರ ಇರುವ ಕಂಪನಿ ಅದೊಂದೇ. ಅದನ್ನು ಬಿಡಲು ನನಗೆ ಇಷ್ಟವಿಲ್ಲ.

ಜುಲೈ 22, ಮಂಗಳವಾರ

ಅಸೈನ್‌ಮೆಂಟ್ ಕೊಟ್ಟರು.

ಹಿಂದಿನ ಕಾಲದಲ್ಲಿ ನಮ್ಮ ಪಂಡಿತರು ವಾದ ಮಾಡುವಾಗ ಒಂದು ಕ್ರಮ ಇತ್ತಂತೆ. ಎದುರಾಳಿಯ ಮಾತನ್ನು ಮೊದಲು ತಾನೇ ಹೇಳಬೇಕು, ಸುಮ್ಮನೆ ಅಲ್ಲ, ಅವನಿಗಿಂತ ಚೆನ್ನಾಗಿ. ಅದು ಪೂರ್ವಪಕ್ಷ. ಅದಾದ ಮೇಲೆ ಉತ್ತರ. ಅಜ್ಜ ಈ ಶಬ್ದ ಹೇಳುವುದನ್ನು ಉಡುಪಿಯಲ್ಲಿ ಕೇಳಿದ್ದೆ, ಯಾವುದೋ ಶ್ರಾದ್ಧಕ್ಕೆ ಸಂಬಂಧಪಟ್ಟದ್ದು ಎಂದುಕೊಂಡಿದ್ದೆ.

ಮ್ಯಾಡಮ್ ತಾವಿರುವ ಹೌಸಿಂಗ್ ಸೊಸೈಟಿಯ ವಾಟ್ಸಾಪ್ ಗ್ರೂಪ್ ಬಗ್ಗೆ ಹೇಳಿದರು. ಪಾರಿವಾಳಕ್ಕೆ ಕಾಳು ಹಾಕಬೇಕೋ ಬೇಡವೋ ಎಂದು ಮೂರು ವಾರದಿಂದ ಜಗಳ. ಕಾಳು ಹಾಕುವವರು ಇತರರನ್ನು ನಿರ್ದಯಿಗಳು ಎನ್ನುತ್ತಾರೆ, ಬೇಡವೆನ್ನುವವರು ಇವರನ್ನು ಮೂಢರು ಎನ್ನುತ್ತಾರೆ. ಬೇಡ ಎನ್ನುವ ಮನೆಯಲ್ಲಿ ಉಬ್ಬಸದ ಮಗುವಿದೆ ಎಂಬುದಾಗಲೀ, ಕಾಳು ಹಾಕುವ ಮುದುಕಿಯ ತೀರಿಹೋದ ಗಂಡ ದಿನಾ ಹಾಕುತ್ತಿದ್ದ ಎಂಬುದಾಗಲೀ ಆ ಮೂರು ವಾರದ ಮೆಸೇಜುಗಳಲ್ಲಿ ಎಲ್ಲೂ ಇಲ್ಲವಂತೆ. ಹಳೆಯ ತತ್ತ್ವಶಾಸ್ತ್ರ ಇವತ್ತಿಗೆ ಯಾಕೆ ಬೇಕು ಎಂದು ಪರೀಕ್ಷೆಯಲ್ಲಿ ಬಂದರೆ ಪಾರಿವಾಳದ ಬಗ್ಗೆ ಬರೆಯಿರಿ ಎಂದರು.

ನಮ್ಮ ಕೆಲಸ ಇದು. ನಾವು ಒಪ್ಪದ ಒಬ್ಬರ ವಾದವನ್ನು ಒಂದು ಪುಟದಲ್ಲಿ ಬರೆಯಬೇಕು. ಅವರೇ ಓದಿ, ಹೌದು ನಾನು ಹೇಳುವುದು ಇದನ್ನೇ ಎಂದು ಸಹಿ ಹಾಕಬೇಕು. ಆಮೇಲೆ ನಮ್ಮ ಉತ್ತರ. ಸಹಿ ಇಲ್ಲದ ಉತ್ತರವನ್ನು ಮ್ಯಾಡಮ್ ಓದುವುದಿಲ್ಲ. ಆಗಸ್ಟ್ ಹದಿಮೂರಕ್ಕೆ ಕೊಡಬೇಕು. ಸಬ್ಜೆಕ್ಟ್ ಬದಲಾಯಿಸುವ ಕೊನೆಯ ದಿನದ ಹಿಂದಿನ ದಿನ.

ಹೊರಗೆ ಬರುವಾಗ ಟ್ಯಾಂಕರದ ಹುಡುಗಿ ಹಿಡಿದು ನಿಲ್ಲಿಸಿದಳು. ನಾಗವೇಣಿ ಎಂದು ಹೆಸರು. ಅವರ ಅಪ್ಪ ಕಲಬುರಗಿ ಕಡೆಯಿಂದ ಬಂದು ಶಹಾಡದ ಒಂದು ಗೋಡೌನಿನಲ್ಲಿ ಲೋಡಿಂಗ್ ಮಾಡುತ್ತಾರೆ.

"ನಾ ನಮ್ಮವ್ವಂದು ಬರೀತೀನಿ. ಇಪ್ಪತ್ತರೊಳಗ ಲಗ್ನ ಆಗಬೇಕಂತಾಳ. ನಿಂದು ಯಾರು?"

"ನಮ್ಮ ತಂದೆಯವರು."

"ತಂದೆಯವರು ಅಂದ್ರ ಯಾರಪಾ? ಪ್ರಿನ್ಸಿಪಾಲ ಏನು?"

ಟ್ರೇನಿಗೆ ತಡವಾಯಿತು ಎಂದು ಓಡಿದೆ. ತಡವಾಗಿರಲಿಲ್ಲ.

ಜುಲೈ 26, ಶನಿವಾರ

ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಪ್ರಿಂಟ್ ತೆಗೆದು, ಕ್ಲಿಪ್ ಹಾಕಿ ತಂದೆಯವರ ಮೇಜಿನ ಮೇಲೆ ಇಟ್ಟೆ. ಐದು ಪಾಯಿಂಟ್. ಕೆಲಸ ಸಿಗುವುದಿಲ್ಲ, ಸಿಕ್ಕರೂ ಸಂಬಳ ಇಲ್ಲ, ಅಂಕ ಬರುವುದಿಲ್ಲ, ಹಳೆಯದನ್ನು ಓದಿ ಪ್ರಯೋಜನವಿಲ್ಲ, ನೆಂಟರು ಕೇಳಿದರೆ ಹೇಳಲು ಕಷ್ಟ. ಕೆಳಗೆ ಸಹಿಗೆ ಗೆರೆ ಎಳೆದಿದ್ದೆ.

ಸಂಜೆ ನೋಡಿದರೆ ಹಾಳೆ ನನ್ನ ಹಾಸಿಗೆಯ ಮೇಲಿತ್ತು. ಗೆರೆ ಖಾಲಿ. ಮೇಲಿನ ಮೂಲೆಯಲ್ಲಿ ಹಸಿರು ಇಂಕಿನಲ್ಲಿ, ಓರೆಯಾಗಿ, ಮರಾಠಿಯಲ್ಲಿ: ಚರ್ಚಾ ಕರಾವೀ. ಚರ್ಚಿಸುವುದು, ಅಷ್ಟೆ. ತಂದೆಯವರು ಬೇಲಾಪುರದ ಸರ್ಕಾರಿ ಕಚೇರಿಯಲ್ಲಿ ಅಧಿಕಾರಿ. ಕಚೇರಿಯ ಫೈಲು ವಾಪಸ್ ಮಾಡುವ ಹಾಗೆ ನನ್ನದನ್ನೂ ವಾಪಸ್ ಮಾಡಿದ್ದಾರೆ.

ಹಾಸ್ಟೆಲಿನಲ್ಲಿ ನೋಟ್‌ಬುಕ್ಕಿನ ಮೇಲೆ ‘ಸೀ ಮಿ’ ಎಂದು ಬರೆದು ಬಂದರೆ, ಪಕ್ಕದವರು ನಮ್ಮ ಮುಖ ನೋಡುವುದನ್ನೂ ಬಿಡುತ್ತಿದ್ದರು.

ಜುಲೈ 28, ಸೋಮವಾರ

ತಂದೆಯವರು ಆಫೀಸಿನಿಂದ ಬಂದು ಗ್ಯಾಲರಿಯಲ್ಲಿ ಕೂತಿರುತ್ತಾರೆ. ಬಾಲ್ಕನಿಗೆ ಇಲ್ಲಿ ಗ್ಯಾಲರಿ ಎನ್ನುತ್ತಾರೆ, ಅಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ. ಅದಕ್ಕೇ ಲೈಬ್ರರಿ ಮುಚ್ಚುವ ತನಕ ಲೈಬ್ರರಿಯಲ್ಲಿದ್ದೆ, ಆಮೇಲೆ ಠಾಣೆ ಸ್ಟೇಷನ್ನಿನ ಸೇತುವೆ ಮೇಲೆ ನಿಂತಿದ್ದೆ. ಅಲ್ಲಿ ನಿಂತವನನ್ನು ಎಲ್ಲರೂ ತಳ್ಳುತ್ತಾರೆ, ಯಾರೂ ನೋಡುವುದಿಲ್ಲ.

ಆಗಸ್ಟ್ 1, ಶುಕ್ರವಾರ

ಇವತ್ತಿನ ಕ್ಲಾಸು ತಲೆಯಿಂದ ಹೋಗುತ್ತಿಲ್ಲ. ಲೋಕಾಯತರು ಎಂಬವರಿದ್ದರು. ಕಣ್ಣಿಗೆ ಕಂಡದ್ದೇ ನಿಜ, ಪರಲೋಕ ಇಲ್ಲ ಎಂದವರು. ಅವರು ಬರೆದದ್ದು ಹೆಚ್ಚುಕಡಿಮೆ ಏನೂ ಉಳಿದಿಲ್ಲ. ಅವರ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹುಪಾಲು, ಅವರನ್ನು ಖಂಡಿಸಿದವರು ತಮ್ಮ ಗ್ರಂಥಗಳಲ್ಲಿ ಬರೆದ ಪೂರ್ವಪಕ್ಷ. ಶತ್ರುಗಳ ಬಾಯಲ್ಲಿ ಉಳಿದವರು. ಆ ಬಾಯಿ ಸರಿಯಾಗಿ ಹೇಳಿದೆಯೋ ಇಲ್ಲವೋ ಎಂದು ಈಗ ಕೇಳೋಣವೆಂದರೆ ಯಾರೂ ಇಲ್ಲ.

ಮೊನ್ನೆ ಅಮ್ಮ ಪಕ್ಕದ ಮನೆಯ ಪುಷ್ಪಾವತಿ ಆಂಟಿಯ ಹತ್ತಿರ ನನ್ನ ಬಗ್ಗೆ ಹೇಳುತ್ತಿದ್ದದ್ದು ಕೇಳಿಸಿತು. "ಅವನಿಗೆ ಹಾಸ್ಟೆಲ್ ತುಂಬಾ ಹಿಡಿಸಿತ್ತು. ಒಂದು ದಿನವೂ ಅಳ್ಲಿಲ್ಲ." ನನ್ನ ಎಂಟು ವರ್ಷ ಹಾಗೆ ಉಳಿದಿದೆ. ನನ್ನ ಸಹಿ ಅದರ ಕೆಳಗಿಲ್ಲ.

ನಾಗವೇಣಿಗೆ ಅವಳ ಅವ್ವನ ಸಹಿ ಸಿಕ್ಕಿದೆ. "ಬೈಕೋತ ಬೈಕೋತ ಮಾಡಿದ್ಳು. ಒಂದು ಸಾಲು ಜಾಸ್ತಿ ಹಾಕಿಸ್ಯಾಳ. ನಾ ಕೂಲಿಗಿ ಹೋದಾಗ ನಿನ್ನ ಯಾರು ನೋಡ್ತಾರ, ಅದ್ಕ ಲಗ್ನ ಅಂತೀನಿ, ಅದನ್ನ ಬರಿ ಅಂದ್ಳು. ಈಗ ಏನ ಖಂಡನಾ ಮಾಡ್ಲಿ ಹೇಳು ನೋಡೂನು." ಆಮೇಲೆ "ನಿಂದು?" ಎಂದಳು.

ಹಾಳೆ ತೋರಿಸಿದೆ. ಓದಿ ವಾಪಸ್ ಕೊಟ್ಟಳು. "ಇದು ನಿಮ್ಮಪ್ಪನ ಮಾತಲ್ಲ ಬಿಡು. ಇದು ಯಾವ ಅಪ್ಪಂದಾದ್ರೂ ಆಗ್ತದ."

ಮನೆಗೆ ಬಂದು ಎರಡನೇ ಸಲ ಬರೆದೆ. ಕನ್ನಡದಲ್ಲಿ, ಪಾಯಿಂಟ್ ಇಲ್ಲದೆ. ವಿಷಯ ಅದೇ.

ಆಗಸ್ಟ್ 3, ಭಾನುವಾರ

ಚರ್ಚಾ ಕರಾವೀ. ಅದೇ ಹಸಿರು.

ಆಗಸ್ಟ್ 6, ಬುಧವಾರ

ಅಮ್ಮ ತೊಂಡೆಕಾಯಿ ಹೆಚ್ಚುತ್ತಿದ್ದರು. ನಾನು ನೀರು ಕುಡಿಯಲು ಹೋಗಿದ್ದೆ.

"ಅವರು ಎರಡು ಸಲ ಕರೆದ್ರಂತೆ. ನೀನು ಹೋಗ್ಲಿಲ್ವಂತೆ."

"ಕರೀಲಿಲ್ಲ. ರಿಜೆಕ್ಟ್ ಮಾಡಿದ್ರು, ಎರಡು ಸಲ."

"ಎಂತ ರಿಜೆಕ್ಟು?"

ಹಾಳೆ ತಂದು ತೋರಿಸಿದೆ. ಅಮ್ಮ ಈಳಿಗೆ ಬದಿಗೆ ಸರಿಸಿ ನಕ್ಕುಬಿಟ್ಟರು. "ಅಯ್ಯೋ ಮಾರಾಯ, ಇದು ರಿಜೆಕ್ಟ್ ಅಲ್ಲ. ಹೀಗೆ ಬರೆದ್ರೆ ಆ ಫೈಲಿನವರು ಬಂದು ಎದುರು ಕೂತ್ಕೊಳ್ಬೇಕೂಂತ. ಬರೆದದ್ದು ಸಾಕಾಗ್ಲಿಲ್ಲ, ಬಾಯಲ್ಲಿ ಹೇಳಿ ಅಂತ. ಬೇಡದ ಫೈಲಿಗೆ ಇವರು ಒಂದು ಗೀಟು ಎಳೆದು ಕಳಿಸುದು. ಮದುವೆಯಾದ ಹೊಸತರಲ್ಲಿ ನನ್ನ ಸಾಮಾನಿನ ಚೀಟಿ ಮೇಲೂ ಬರೀತಿದ್ರು."

"ಆಗ ನೀವೆಂತ ಮಾಡ್ತಿದ್ರಿ?"

"ಕಡ್ಲೆಬೇಳೆಗೂ ಚರ್ಚೆ ಮಾಡ್ಲಿಕ್ಕೆ ಆಗ್ತದಾ? ನಾನೇ ಹೋಗಿ ತರ್ತಿದ್ದೆ." ಆಮೇಲೆ ಹೆಚ್ಚುತ್ತಾ, ನನ್ನನ್ನು ನೋಡದೆ ಹೇಳಿದರು: "ಭಾನುವಾರ ಎರಡು ಲೋಟ ಚಾ ಮಾಡಿಸಿ ಗ್ಯಾಲರಿಗೆ ತಕೊಂಡು ಹೋಗಿದ್ರು. ಒಂದು ಹಾಗೇ ವಾಪಸ್ ಬಂತು. ಇನ್ನು ಮೇಲೆ ನನಗೆ ನೀವು ತಾವು ಹೇಳ್ಬೇಡ. ನಾನು ನಿನ್ನ ವಾರ್ಡನಾ?"

ಆಗಸ್ಟ್ 7, ಗುರುವಾರ

ಹೋಗಲಿಲ್ಲ. ಬಾಗಿಲಿನ ತನಕ ಹೋದೆ.

ಆಗಸ್ಟ್ 10, ಭಾನುವಾರ

ಇವತ್ತಿನದನ್ನು ಮರೆಯುವ ಮೊದಲು ಬರೆಯಬೇಕು.

ತಿಂಡಿಯಾದ ಮೇಲೆ ಅಪ್ಪ ಗ್ಯಾಲರಿಯಲ್ಲಿ ಪೇಪರ್ ಓದುತ್ತಿದ್ದರು. ಎಂಐಡಿಸಿ ಕಾರ್ಖಾನೆಗಳ ಕಡೆಯಿಂದ ಬರುವ ಆ ಔಷಧದಂಥ ವಾಸನೆ ಇವತ್ತು ಜಾಸ್ತಿ ಇತ್ತು. ನಾನು ಹಾಳೆ ಹಿಡಿದು ಹೋಗಿ ಇನ್ನೊಂದು ಕುರ್ಚಿಯಲ್ಲಿ ಕೂತೆ. ಅಪ್ಪ ಪೇಪರ್ ಮಡಚಿ ಒಳಗಿದ್ದ ಅಮ್ಮನಿಗೆ ಕೂಗಿದರು, "ಸುಗುಣಾ, ಎರಡು ಚಾ." ಆಮೇಲೆ ಕೈ ಚಾಚಿದರು, ಹಾಳೆಗೆ.

"ಇದು ಯಾರ ಮಾತು?"

"ನಿಮ್ಮದು."

"ಕೆಲಸ ಸಿಗುದಿಲ್ಲಾಂತ ನಾನು ಯಾವಾಗ ಹೇಳಿದೆ?"

"ಎಲ್ಲಾ ಅಪ್ಪಂದಿರೂ ಹಾಗೇ..."

"ಹಾಗಾದ್ರೆ ಎಲ್ಲಾ ಅಪ್ಪಂದಿರ ಸಹಿ ತಕೊಂಡು ಬಾ. ನನ್ನದು ಯಾಕೆ?" ಕನ್ನಡಕ ತೆಗೆದು ಒರೆಸಿಕೊಂಡರು. "ಕೆಲಸ ಸಿಗ್ತದೆ. ನನ್ನ ಆಫೀಸಿನಲ್ಲಿ ಎಂಥೆಂಥವರಿಗೆ ಸಿಕ್ಕಿದೆ, ನಾನು ನೋಡಿದ್ದೇನೆ."

ನಗು ಬಂತು, ತಡೆದುಕೊಂಡೆ. ಚಾ ಬಂತು. ಮತ್ತೆ ಫಿಲಾಸಫಿ ಯಾಕೆ ಬೇಡ ಎಂದು ಕೇಳಿದೆ. ನಾನು ಅವರಿಗೆ ಯಾಕೆ ಎಂದು ಮೊದಲ ಸಲ ಕೇಳಿದ್ದು ಎಂದು ಈಗ ಬರೆಯುವಾಗ ಅನಿಸುತ್ತಿದೆ, ಆಗ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಮನೀಶ ಬಂದ. "ಪಪ್ಪಾ, ಮೇರಾ ಚಾರ್ಜರ್ ಕಿಧರ್ ರಖಾ?"

"ನನ್ನ ತಲೆ ಮೇಲೆ ಇಟ್ಟಿದ್ದೇನೆ, ತಕೋ."

"ಅರೇ ಬತಾವೋ ನಾ. ಆಪ್ ಹೀ ಹರ್ ಚೀಜ್ ಉಠಾಕೇ ರಖತೇ ಹೋ." ಎಲ್ಲವನ್ನೂ ಎತ್ತಿಡುವುದು ಅಪ್ಪನೇ ಎಂದು ಐದು ನಿಮಿಷ ಜಗಳವಾಯಿತು. ಚಾರ್ಜರ್ ಮನೀಶನ ಚೀಲದಲ್ಲೇ ಇತ್ತು. ಹೋಗುವಾಗ ಅವನು ಅಪ್ಪನ ಚಾದಲ್ಲಿ ಒಂದು ಗುಟುಕು ಕುಡಿದು ಹೋದ.

"ನೋಡಿದ್ಯಾ?" ಎಂದರು ಅಪ್ಪ. "ಇವನು ದಿನಾ ನನ್ನ ತಲೆ ತಿನ್ತಾನೆ. ನೀನು ಬಂದು ಎಷ್ಟು ಸಮಯ ಆಯ್ತು, ಒಂದು ಜಗಳ ಇಲ್ಲ. ದೋಸೆ ಕರಟಿದ್ರೂ ತಿಂದು ಎದ್ದು ಹೋಗ್ತೀ. ಕಾಮರ್ಸ್ ಅಂದೆ, ಆಯ್ತು ಅಂದಿ. ನಾನು ನೀನು ಜಗಳ ಮಾಡ್ತೀಯಾಂತ ಕಾದೆ."

ನಾನು ಲೋಟ ನೋಡುತ್ತಿದ್ದೆ.

"ನಿನ್ನ ಪುಸ್ತಕ ನಾನು ತೆರೆದು ನೋಡಿದೆ. ಮೇಜಿನ ಮೇಲಿತ್ತು, ಚೀಲ ಮುಟ್ಲಿಲ್ಲ. ಎಲ್ಲಾ ಒಬ್ಬೊಬ್ಬರೇ ಕೂತು ಯೋಚನೆ ಮಾಡಿದವರು. ಒಬ್ಬ ಕೋಣೆ ಬಾಗಿಲು ಹಾಕಿ ಒಲೆ ಹತ್ರ ಕೂತು ಎಲ್ಲದರ ಮೇಲೂ ಸಂಶಯ ಪಟ್ಟನಂತೆ. ನೀನು ಎಂಟು ವರ್ಷ ಒಬ್ಬನೇ ಕೂತಿದ್ದೀ. ಅದು ಸಾಲದಾ?" ಕೆಳಗೆ ಪಾರ್ಕಿಂಗಿನಲ್ಲಿ ಯಾರೋ ರಿವರ್ಸ್ ತೆಗೆಯುವುದನ್ನು ನೋಡುತ್ತಾ ಹೇಳಿದರು: "ಒಬ್ಬನೇ ಯೋಚನೆ ಮಾಡುವವ ಕಡೆಗೆ ತೀರ್ಮಾನಕ್ಕೆ ಬರ್ತಾನೆ. ನೀನೂ ನನ್ನ ಬಗ್ಗೆ ಒಂದು ತೀರ್ಮಾನಕ್ಕೆ ಬರ್ತೀ. ನನ್ನನ್ನು ಒಂದು ಮಾತು ಕೇಳದೆ. ಅದು ನನಗೆ ಹೆದರಿಕೆ. ಇದೆಲ್ಲ ಬರೀಲಿಕ್ಕೆ ಆಗ್ತದಾ ನಿನ್ನ ಹಾಳೆಯಲ್ಲಿ?"

ಚಾ ಪೂರ್ತಿ ಕುಡಿದೆ. ಅಪ್ಪ ಹಾಳೆಯನ್ನು ಮಡಚಿ ನನ್ನ ಕಿಸೆಗೆ ಹಾಕಿದರು. "ಸರಿಯಾಗಿ ಬರಿ. ಆಮೇಲೆ ಸಹಿ" ಎಂದು ಪೇಪರ್ ತೆರೆದರು. ಅದು ತಲೆಕೆಳಗಾಗಿತ್ತು ಎಂದು ಬರೆದರೆ ಚೆನ್ನಾಗಿರುತ್ತಿತ್ತು, ಆದರೆ ಸರಿಯಾಗಿಯೇ ಹಿಡಿದಿದ್ದರು. ಓದುತ್ತಿರಲಿಲ್ಲ, ಅಷ್ಟೆ.

ಆಗಸ್ಟ್ 11, ಸೋಮವಾರ

ಮೂರನೇ ಸಲ ಬರೆಯಲು ಕೂತರೆ ಸಾಲು ಮುಂದೆ ಹೋಗುತ್ತಿಲ್ಲ. ಪೂರ್ವಪಕ್ಷ ಎರಡು ಸಾಲಿನಲ್ಲಿ ಮುಗಿಯುತ್ತದೆ. ಅದಕ್ಕೆ ಏನು ಉತ್ತರ ಕೊಡಲಿ? ನಾನು ಹಾಗೆ ಮಾಡುವುದಿಲ್ಲ ಎಂದು ಬರೆದೆ. ಆಮೇಲೆ ಇದೇ ಡೈರಿಯ ಜುಲೈ ಹದಿನೇಳರ ಪುಟ ತೆಗೆದು ನೋಡಿದೆ: ಬೇಕಾದವನನ್ನು ಯಾರೂ ಕಳಿಸುವುದಿಲ್ಲ, ಯಾರನ್ನೂ ಕೇಳಬೇಕಾಗಿಲ್ಲ. ಬರೆದ ಉತ್ತರವನ್ನು ಹೊಡೆದು ಹಾಕಿದೆ.

ನಾಗವೇಣಿಗೆ ಹೇಳಿದೆ, ಎಲ್ಲವನ್ನೂ ಅಲ್ಲ. ಕ್ಯಾಂಟೀನಿನಲ್ಲಿ ವಡಾಪಾವ್ ತಿನ್ನುತ್ತಿದ್ದಳು. "ಒಬ್ಬಾವನ ಕುಂತು ಮಾಡೂ ವಿದ್ಯಾ ಅಂದ್ರಾ? ಮತ್ತ ಇದು ಮೂರು ವಾರದಿಂದ ನೀ ಒಬ್ಬಾವನ ಮಾಡ್ಲತ್ತೀಯೇನು? ನಿಮ್ಮಪ್ಪ ಮಾಡ್ಲತ್ತಾನ, ನಿಮ್ಮವ್ವ ಮಾಡ್ಲತ್ತಾಳ, ಸುಮ್ನ ವಡಾಪಾವ್ ತಿನ್ನೂಕಿ ನಾನೂ ಮಾಡ್ಲತ್ತೀನಿ." ಅದನ್ನು ನನ್ನ ಉತ್ತರದಲ್ಲಿ ಬಳಸಲಾ ಎಂದು ಕೇಳಿದೆ. "ನನ್ನ ಸಹಿ ಬೇಕಾಗ್ತದ" ಎಂದಳು.

ರಾತ್ರಿ ಅಮ್ಮನಿಂದ ಬೈಗುಳ. ತಟ್ಟೆ ಮೇಜಿನ ಮೇಲೇ ಬಿಟ್ಟು ಪುಸ್ತಕ ಹಿಡಿದಿದ್ದೆನಂತೆ. ನಾಳೆ ನೆನಪಿಡಬೇಕು.

ಆಗಸ್ಟ್ 12, ಮಂಗಳವಾರ

ಬೆಳಿಗ್ಗೆ ಬಾಯಲ್ಲಿ ಹೇಳಬೇಕೆಂದು ಎದ್ದೆ. ಅಪ್ಪ ಬೂಟು ಹಾಕುತ್ತಿದ್ದರು. "ಎಂತ?" ಎಂದರು. ನಾನು "ಏನಿಲ್ಲ" ಎಂದೆ. ಅವರು ಹೋದ ಮೇಲೆ ಆ ಏನಿಲ್ಲ ಎಂಬ ಶಬ್ದ ಠಾಣೆಯ ತನಕ ನನ್ನ ಜೊತೆ ಬಂತು. ಟ್ರೇನಿನಲ್ಲಿ ನಿಂತೇ ಟೈಪ್ ಮಾಡಿದೆ, ಕ್ಲಾಸಿಗೆ ಹೋಗುವ ಮೊದಲು ಅಪ್ಪನ ವಾಟ್ಸಾಪಿಗೆ ಕಳಿಸಿದೆ. ಎರಡು ಟಿಕ್ ಬಂದಿವೆ, ಇನ್ನೂ ನೀಲಿಯಾಗಿಲ್ಲ. ಕಳಿಸಿದ್ದನ್ನು ಇಲ್ಲೂ ಬರೆದಿಡುತ್ತೇನೆ.

ಅಪ್ಪಾ, ಇದು ಮೂರನೇ ಸಲ. ನಿಮ್ಮ ಮಾತು ಹೀಗೆ: ‘ಫಿಲಾಸಫಿ ಕೆಟ್ಟದ್ದು ಅಂತ ನಾನು ಹೇಳುದಿಲ್ಲ. ನನ್ನ ಮಗ ಎಂಟು ವರ್ಷ ಒಬ್ಬನೇ ಯೋಚನೆ ಮಾಡಿದ್ದಾನೆ. ಇನ್ನೂ ಮಾಡಿದ್ರೆ ನನ್ನನ್ನು ಕೇಳದೆ ನನ್ನ ಬಗ್ಗೆ ತೀರ್ಮಾನ ಮಾಡ್ತಾನೆ. ಆ ಹೆದರಿಕೆಗೆ ಬೇಡ ಅಂತೇನೆ.’ ಇದು ಸರಿ ಉಂಟಾ? ಸರಿ ಇದ್ರೆ ಸಂಜೆ ಸಹಿ ಹಾಕಿ, ನಾಳೆ ಕೊಡ್ಬೇಕು.

ನಾನು ಸಬ್ಜೆಕ್ಟ್ ಬದಲಾಯಿಸುದಿಲ್ಲ. ಆಯ್ತು ಅಂದದ್ದು ಸುಳ್ಳು.

ತೀರ್ಮಾನ ನಾನು ಯಾವಾಗಲೋ ಮಾಡಿ ಆಗಿತ್ತು. ನಿಮ್ಮನ್ನು ಕೇಳಿರಲಿಲ್ಲ. ಈಗ ಕೇಳ್ತೇನೆ. ನನ್ನನ್ನು ಯಾಕೆ ಕಳಿಸಿದ್ರಿ? ಮನೀಶನನ್ನು ಯಾಕೆ ಕಳಿಸ್ಲಿಲ್ಲ? ನೀವು ಹೇಳಿದ್ದನ್ನು ಹೇಳಿದ ಹಾಗೇ ಬರ್ಕೊಳ್ತೇನೆ. ಬೇಗ ಉತ್ತರ ಕೊಡಿ.